ಕೆಲಸದಲ್ಲಿ ಪೆಟ್ಟಾದರೆ: ಕೇಳುವ ಹಕ್ಕು, ಕೇಳುವ ಬಗೆ

(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಪ್ರತಿ ವರ್ಷ ಈ ವೇದಿಕೆಯಲ್ಲಿ ನಾವು ಶಿಕ್ಷಣದ ಮಹತ್ವದ ಬಗ್ಗೆ ಮಾತನಾಡುತ್ತೇವೆ. ಈ ಸಲ ಕಾರ್ಯದರ್ಶಿಗಳು ನನಗೂ ಅದೇ ವಿಷಯ ಕೊಟ್ಟಿದ್ದರು. ಅವರ ಅನುಮತಿ ಪಡೆದು ವಿಷಯವನ್ನು ಸ್ವಲ್ಪ ಬದಲಿಸಿಕೊಂಡಿದ್ದೇನೆ. ಓದು ಬಲ್ಲವನೊಬ್ಬ ಓದಬೇಕಾದದ್ದನ್ನು ಓದದೆ ಇದ್ದರೆ ಏನಾಗುತ್ತದೆ ಎಂಬುದನ್ನು ಇಂದು ಹೇಳಬೇಕಾಗಿದೆ. ಆ ಓದು ಬಲ್ಲವನು ಬೇರೆ ಯಾರೂ ಅಲ್ಲ, ನಾನೇ.

ನಮ್ಮ ಬೀದಿಯಲ್ಲಿ ಒಂದು ಮನೆ. ತಂದೆ ಹಮಾಲಿ ಕೆಲಸ ಮಾಡುತ್ತಾರೆ. ಮಗ ನಮ್ಮ ಶಾಲೆಯಲ್ಲಿ ಓದಿದವನು, ನನ್ನ ಕೈಯಲ್ಲೇ ಕನ್ನಡ ಕಲಿತವನು. ಹತ್ತನೇ ತರಗತಿಯಲ್ಲಿ ಒಂದು ವಿಷಯ ಉಳಿಯಿತು. ಮತ್ತೆ ಪರೀಕ್ಷೆ ಕಟ್ಟಲಿಲ್ಲ. ಊರಾಚೆಯ ಒಂದು ಸಾ ಮಿಲ್ಲಿಗೆ ಸೇರಿದ. ಅಲ್ಲಿ ಒಟ್ಟು ಆರೇಳು ಜನ ಕೆಲಸಗಾರರು. ತಿಂಗಳಿಗೆ ಹತ್ತು ಸಾವಿರ ರೂಪಾಯಿ. 2023ರ ಮಾರ್ಚ್ ತಿಂಗಳಲ್ಲಿ ಗರಗಸದ ಯಂತ್ರಕ್ಕೆ ಅವನ ಬಲಗೈ ಸಿಕ್ಕಿತು. ತೋರುಬೆರಳು, ನಡುಬೆರಳು, ಉಂಗುರದ ಬೆರಳು ಮೂರೂ ಬುಡದಿಂದಲೇ ಹೋದವು. ಆಗ ಅವನಿಗೆ ಇಪ್ಪತ್ತು ವರ್ಷ.

ಮಾಲೀಕರು ಕೆಟ್ಟವರೇನಲ್ಲ. ತಮ್ಮ ಗಾಡಿಯಲ್ಲೇ ಹುಡುಗನನ್ನು ಆಸ್ಪತ್ರೆಗೆ ಕರೆದೊಯ್ದರು, ಔಷಧಿಯ ಖರ್ಚು ಕೊಟ್ಟರು. ಒಂದು ವಾರದ ನಂತರ ಹದಿನೈದು ಸಾವಿರ ರೂಪಾಯಿ ಕಳುಹಿಸಿದರು. ಜೊತೆಗೆ ಒಂದು ಸ್ಟಾಂಪ್ ಪೇಪರ್. ಹಣ ಮುಟ್ಟಿದೆ, ಮುಂದೆ ಯಾವ ತಕರಾರೂ ಮಾಡುವುದಿಲ್ಲ ಎಂದು ಅದರಲ್ಲಿ ಬರೆದುಕೊಡಬೇಕಿತ್ತು. ಹುಡುಗನ ತಂದೆ ಆ ಕಾಗದ ಹಿಡಿದು ನನ್ನ ಮನೆಗೆ ಬಂದರು. "ಮಾಸ್ಟರ್ ಸಾಬ್, ನಿಮ್ಮ ಅಕ್ಷರ ಚೆನ್ನಾಗಿದೆ, ನೀವೇ ಬರೆದುಕೊಡಿ" ಎಂದರು. ನಾನು ಬರೆದುಕೊಟ್ಟೆ. ಒಂದು ತಪ್ಪೂ ಇಲ್ಲದೆ ಚೆನ್ನಾಗಿ ಬರೆದೆ. ಹುಡುಗನ ಬಲಗೈಗೆ ಬ್ಯಾಂಡೇಜ್ ಇತ್ತು. ನಾನು ಅಕ್ಷರ ಕಲಿಸಿದ ಹುಡುಗ, ನಾನು ಬರೆದ ಕಾಗದಕ್ಕೆ ಎಡಗೈ ಹೆಬ್ಬೆಟ್ಟು ಒತ್ತಿದ.

ಆ ಶುಕ್ರವಾರ ಮಸೀದಿಯಲ್ಲಿ ಚಂದಾ ಎತ್ತಿದೆವು. ಸುಮಾರು ಎಂಟು ಸಾವಿರ ಕೂಡಿತು. ಎಲ್ಲರೂ ಸೇರಿ ಒಳ್ಳೆಯ ಕೆಲಸ ಮಾಡಿದೆವು ಎಂದು ಸಮಾಧಾನಪಟ್ಟುಕೊಂಡೆವು.

2024ರ ಡಿಸೆಂಬರಿನಲ್ಲಿ ನಮ್ಮ ಶಾಲೆಯಲ್ಲಿ ಕಾನೂನು ಅರಿವು ಕಾರ್ಯಕ್ರಮ ನಡೆಯಿತು. ಬಂದಿದ್ದ ವಕೀಲರಿಗೆ ಚಹಾ ಕೊಡುವಾಗ ಈ ಹುಡುಗನ ವಿಷಯ ಹೇಳಿದೆ. ಅವರು ವಯಸ್ಸು ಕೇಳಿದರು, ಸಂಬಳ ಕೇಳಿದರು, ಯಾವ ಯಾವ ಬೆರಳು ಎಂದು ಕೇಳಿದರು. ನಂತರ ಒಂದು ಕಾಗದದ ಮೇಲೆ ಲೆಕ್ಕ ಹಾಕಿ ತೋರಿಸಿದರು. ನಾಲ್ಕು ಲಕ್ಷದ ಮೂರು ಸಾವಿರದ ಇನ್ನೂರು ರೂಪಾಯಿ. ನನ್ನ ಕೈಯಲ್ಲಿದ್ದ ಲೋಟ ನಡುಗಿತು ಎಂದರೆ ಉತ್ಪ್ರೇಕ್ಷೆಯಲ್ಲ. ಹದಿನೈದು ಸಾವಿರಕ್ಕೆ ನಾನು ಯಾವುದನ್ನು ಬರೆದುಕೊಟ್ಟೆ ಎಂಬುದು ಅಂದು ತಿಳಿಯಿತು.

ನಾನು ಎರಡು ಭಾಷೆ ಕಲಿಸುವವನು. ಆದ್ದರಿಂದ ಮೊದಲು ಒಂದು ಪದದ ಬಗ್ಗೆ ಹೇಳುತ್ತೇನೆ. ಕನ್ನಡದಲ್ಲಿ ನಾವು ಇದಕ್ಕೆ ಪರಿಹಾರ ಎನ್ನುತ್ತೇವೆ. ನೆರೆ ಪರಿಹಾರ, ಬರ ಪರಿಹಾರ ಎಂದು ಕೇಳಿ ಕೇಳಿ, ಪರಿಹಾರ ಎಂದರೆ ದೊಡ್ಡವರು ಮರುಗಿ ಕೊಡುವ ಸಹಾಯ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಉರ್ದುವಿನಲ್ಲಿ ಇದೇ ವಿಷಯಕ್ಕೆ ಮುಆವಜಾ ಎನ್ನುತ್ತಾರೆ. ಅಂದರೆ ಒಂದರ ಬದಲಿಗೆ ಕೊಡುವ ಇನ್ನೊಂದು. ಬೆರಳು ಹೋಯಿತು, ಅದರೊಂದಿಗೆ ಮುಂದಿನ ನಲವತ್ತು ವರ್ಷದ ದುಡಿಮೆಯ ಒಂದು ಭಾಗ ಹೋಯಿತು, ಅದರ ಬದಲಿಗೆ ಇದು. ಇದರಲ್ಲಿ ಮರುಕದ ಮಾತಿಲ್ಲ, ಲೆಕ್ಕದ ಮಾತಿದೆ. ಇನ್ನು ಹಕ್ಕು ಎಂಬ ಪದವಂತೂ ಅರಬ್ಬಿಯಿಂದ ಬಂದು ಕನ್ನಡದ್ದೇ ಆಗಿಬಿಟ್ಟಿದೆ. ಎರಡೂ ಭಾಷೆಯವರಿಗೆ ಅರ್ಥವಾಗುವ ಪದ. ಚಂದಾ ಎತ್ತುವುದು ಒಳ್ಳೆಯದೇ. ಆದರೆ ಹಕ್ಕಿನ ಹಣ ಮಾಲೀಕರಲ್ಲೋ ವಿಮಾ ಕಂಪನಿಯಲ್ಲೋ ಉಳಿದಿರುವಾಗ, ಬಡವರ ಜೇಬಿನಿಂದ ಚಂದಾ ಎತ್ತಿ ಆ ಜಾಗ ತುಂಬುವುದು ಸರಿಯಲ್ಲ.

ಈಗ ಕಾನೂನಿಗೆ ಬರೋಣ. ಇದು ಹೊಸದೇನಲ್ಲ. ಬ್ರಿಟಿಷರ ಕಾಲದಲ್ಲಿ 1923ರಲ್ಲಿ ಕಾರ್ಮಿಕರ ಪರಿಹಾರ ಕಾಯ್ದೆಯಾಯಿತು, 1924ರ ಜುಲೈ 1ರಿಂದ ಜಾರಿಗೆ ಬಂತು. 2010ರಲ್ಲಿ ಅದಕ್ಕೆ ನೌಕರರ ಪರಿಹಾರ ಕಾಯ್ದೆ ಎಂದು ಹೆಸರಾಯಿತು. 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ 2020 ಜಾರಿಗೆ ಬಂದಿದ್ದು, ಹಳೆಯ ಕಾಯ್ದೆಯ ವಿಷಯವೆಲ್ಲ ಈಗ ಆ ಸಂಹಿತೆಯ ಏಳನೆಯ ಅಧ್ಯಾಯದಲ್ಲಿದೆ. ಕಾಯ್ದೆಯ ಹೆಸರು ಬದಲಾದರೂ ಲೆಕ್ಕದ ಮೂಲ ಸೂತ್ರ ಬದಲಾಗಿಲ್ಲ. ಅದಕ್ಕೆ ಮೊದಲು ಆದ ಅಪಘಾತಗಳ ಹಕ್ಕು ಹೊಸ ಸಂಹಿತೆಯಿಂದ ಅಳಿಸಿಹೋಗುವುದೂ ಇಲ್ಲ.

ಕಾನೂನು ಕೇಳುವುದು ಇಷ್ಟು: ಅಪಘಾತವು ಕೆಲಸದ ಕಾರಣದಿಂದ, ಕೆಲಸದ ಸಮಯದಲ್ಲಿ ಆಗಿರಬೇಕು. ನೇಮಕಾತಿ ಪತ್ರವಿಲ್ಲ, ಬಾಯಿಮಾತಿನಲ್ಲಿ ಸೇರಿದ್ದು ಎಂದು ಹೆದರಬೇಡಿ. ಬಾಯಿಮಾತಿನ ಒಪ್ಪಂದವೂ ಒಪ್ಪಂದವೇ. "ನಿನ್ನದೇ ಅಜಾಗರೂಕತೆ, ನಾನೇಕೆ ಕೊಡಲಿ" ಎಂದು ಮಾಲೀಕರು ಹೇಳಬಹುದು. ಬರಿಯ ಅಜಾಗರೂಕತೆಯಿಂದ ಹಕ್ಕು ಹೋಗುವುದಿಲ್ಲ. ಕುಡಿದ ಅಮಲಿನಲ್ಲಿದ್ದು ಪೆಟ್ಟಾಗಿದ್ದರೆ, ಸುರಕ್ಷತೆಯ ಆದೇಶವನ್ನು ಬೇಕೆಂದೇ ಮೀರಿದ್ದರೆ, ಯಂತ್ರದ ರಕ್ಷಣಾ ಕವಚವನ್ನು ಬೇಕೆಂದೇ ತೆಗೆದುಹಾಕಿದ್ದರೆ ಮಾತ್ರ ಮಾಲೀಕರು ತಪ್ಪಿಸಿಕೊಳ್ಳಬಹುದು. ಸಾವು ಅಥವಾ ಸಂಪೂರ್ಣ ಶಾಶ್ವತ ಅಂಗವಿಕಲತೆ ಉಂಟಾದಾಗ ಆ ನೆಪಗಳೂ ನಡೆಯುವುದಿಲ್ಲ.

ಲೆಕ್ಕ ಹೇಗೆ ಎಂಬುದನ್ನು ವಿದ್ಯಾರ್ಥಿಗಳು ಗಮನವಿಟ್ಟು ಕೇಳಬೇಕು. ಏಳನೇ ತರಗತಿಯ ಗಣಿತ ಸಾಕು. ಕೆಲಸಗಾರ ತೀರಿಕೊಂಡರೆ ತಿಂಗಳ ಸಂಬಳದ ಶೇಕಡಾ 50, ಸಂಪೂರ್ಣ ಶಾಶ್ವತ ಅಂಗವಿಕಲತೆಯಾದರೆ ಶೇಕಡಾ 60. ಅದನ್ನು ವಯಸ್ಸಿಗೆ ತಕ್ಕ ಒಂದು ಗುಣಕದಿಂದ ಗುಣಿಸಬೇಕು. ವಯಸ್ಸು ಹೆಚ್ಚಿದಷ್ಟೂ ಗುಣಕ ಕಡಿಮೆ. ಇಪ್ಪತ್ತು ವರ್ಷಕ್ಕೆ 224.00, ಮೂವತ್ತಕ್ಕೆ 207.98, ನಲವತ್ತಕ್ಕೆ 184.17, ಐವತ್ತಕ್ಕೆ 153.09. ಲೆಕ್ಕಕ್ಕೆ ಹಿಡಿಯುವ ಸಂಬಳಕ್ಕೆ ಕೇಂದ್ರ ಸರ್ಕಾರ ಮಿತಿ ಗೊತ್ತುಮಾಡುತ್ತದೆ. 2020ರ ಜನವರಿ 3ರಂದು ಆ ಮಿತಿಯನ್ನು 8,000 ರೂಪಾಯಿಗಳಿಂದ 15,000 ರೂಪಾಯಿಗಳಿಗೆ ಏರಿಸಲಾಯಿತು.

ನಮ್ಮ ಹುಡುಗನ ಲೆಕ್ಕ ನೋಡಿ. ಸಂಬಳ 10,000. ಅದರ ಶೇಕಡಾ 60 ಎಂದರೆ 6,000. ಅದನ್ನು 224ರಿಂದ ಗುಣಿಸಿದರೆ 13,44,000. ಇದು ಸಂಪೂರ್ಣ ಅಂಗವಿಕಲತೆಯ ಮೊತ್ತ. ಭಾಗಶಃ ಅಂಗವಿಕಲತೆಗೆ ಕಾನೂನಿನ ಪಟ್ಟಿಯಲ್ಲಿ ಒಂದೊಂದು ಅಂಗಕ್ಕೂ ಶೇಕಡಾವಾರು ನಿಗದಿಯಾಗಿದೆ. ಹೆಬ್ಬೆರಳು ಪೂರ್ತಿ ಹೋದರೆ ಶೇಕಡಾ 30, ತೋರುಬೆರಳು ಪೂರ್ತಿ ಹೋದರೆ 14, ಒಂದು ಕೈಯ ಎರಡು ಬೆರಳು ಹೋದರೆ 20, ಮೂರು ಬೆರಳು ಹೋದರೆ 30, ನಾಲ್ಕು ಬೆರಳು ಹೋದರೆ 50. ಹದಿಮೂರು ಲಕ್ಷ ನಲವತ್ತನಾಲ್ಕು ಸಾವಿರದಲ್ಲಿ ಶೇಕಡಾ 30 ಎಂದರೆ 4,03,200 ರೂಪಾಯಿ. ವಕೀಲರು ಹಾಕಿದ್ದು ಇದೇ ಲೆಕ್ಕ. ಪಟ್ಟಿಯಲ್ಲಿ ಇಲ್ಲದ ಗಾಯವಾದರೆ ದುಡಿಯುವ ಶಕ್ತಿ ಎಷ್ಟು ಕುಂದಿದೆ ಎಂದು ವೈದ್ಯರು ನಿರ್ಧರಿಸುತ್ತಾರೆ.

ಶಾಶ್ವತವಲ್ಲದ ಗಾಯಕ್ಕೂ ಹಕ್ಕಿದೆ. ಕಾಲು ಮುರಿದು ಎರಡು ತಿಂಗಳು ಮನೆಯಲ್ಲಿ ಮಲಗಿದರೆ, ಅರ್ಧ ತಿಂಗಳಿಗೊಮ್ಮೆ ಸಂಬಳದ ಶೇಕಡಾ 25ರಷ್ಟು ಕೊಡಬೇಕು. ಹತ್ತು ಸಾವಿರ ಸಂಬಳದವನಿಗೆ ತಿಂಗಳಿಗೆ ಐದು ಸಾವಿರವಾಯಿತು. ಚಿಕಿತ್ಸೆಯ ನಿಜವಾದ ಖರ್ಚು ಇದಕ್ಕೆ ಹೊರತು, ಅದನ್ನೂ ಮಾಲೀಕರೇ ಭರಿಸಬೇಕು. ಆದ್ದರಿಂದ ಆಸ್ಪತ್ರೆಯ ಖರ್ಚು ಕೊಟ್ಟೆವು, ಎಲ್ಲ ಮುಗಿಯಿತು ಎಂಬ ಮಾತು ಸರಿಯಲ್ಲ.

ಇಲ್ಲಿ ಒಂದು ತೀರ್ಪನ್ನು ನೆನೆಯಬೇಕು. 1968ರ ಜುಲೈನಲ್ಲಿ ಒಂದು ಚಿತ್ರಮಂದಿರದಲ್ಲಿ ಅಲಂಕಾರದ ಮರಗೆಲಸ ಮಾಡುತ್ತಿದ್ದ ಬಡಗಿಯೊಬ್ಬರು ಬಿದ್ದರು. ಎಡಗೈಯನ್ನು ಮೊಣಕೈಯ ಮೇಲಕ್ಕೆ ಕತ್ತರಿಸಬೇಕಾಯಿತು. ಇದು ಭಾಗಶಃ ಅಂಗವಿಕಲತೆ ಮಾತ್ರ ಎಂದು ಮಾಲೀಕರು ವಾದಿಸಿದರು. 1975ರಲ್ಲಿ ಸುಪ್ರೀಂ ಕೋರ್ಟ್ ಆ ವಾದವನ್ನು ಒಪ್ಪಲಿಲ್ಲ. ಒಂದೇ ಕೈಯಿಂದ ಬಡಗಿ ಕೆಲಸ ಮಾಡಲಾಗದು, ಆದ್ದರಿಂದ ಆ ಮನುಷ್ಯನ ಪಾಲಿಗೆ ಇದು ಸಂಪೂರ್ಣ ಅಂಗವಿಕಲತೆಯೇ ಎಂದು ಹೇಳಿತು. ಪರಿಹಾರದ ಹಣ ಅಪಘಾತವಾದ ದಿನದಿಂದಲೇ ಸಲ್ಲಬೇಕಾದದ್ದು ಎಂದೂ ಹೇಳಿತು. ನಮ್ಮಲ್ಲಿ ಬಡಗಿಗಳು, ವೆಲ್ಡರುಗಳು, ಮೆಕ್ಯಾನಿಕ್‌ಗಳು ಎಷ್ಟು ಜನ ಇದ್ದಾರೆ! ಅವರೆಲ್ಲರ ಬದುಕು ಕೈಯಲ್ಲೇ ಇದೆ. ಪಟ್ಟಿಯ ಶೇಕಡಾವಾರು ನೋಡಿ ಸುಮ್ಮನಾಗದೆ, ಈ ಗಾಯದಿಂದ ಈ ಕಸುಬು ಮಾಡಲು ಸಾಧ್ಯವೇ ಎಂಬ ಪ್ರಶ್ನೆಯನ್ನೂ ಕೇಳಬೇಕು.

ಕೆಲಸಕ್ಕೆ ಹೋಗುವ ದಾರಿಯಲ್ಲಿ ಅಪಘಾತವಾದರೆ? 2003ರ ಏಪ್ರಿಲ್‌ನಲ್ಲಿ ಮಹಾರಾಷ್ಟ್ರದ ಒಂದು ಸಕ್ಕರೆ ಕಾರ್ಖಾನೆಯ ಕಾವಲುಗಾರರೊಬ್ಬರು ನಸುಕಿನ ಪಾಳಿಗೆ ಹೋಗುವಾಗ ದಾರಿಯಲ್ಲೇ ತೀರಿಕೊಂಡರು. ಮನೆಯಿಂದ ಕೆಲಸಕ್ಕೆ ಹೋಗುವ ಆ ಪ್ರಯಾಣಕ್ಕೂ ಕೆಲಸಕ್ಕೂ ಸಂಬಂಧವಿದೆ, ಪರಿಹಾರ ಸಲ್ಲಬೇಕು ಎಂದು 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಹೊಸ ಸಂಹಿತೆಯಲ್ಲೂ ಇದಕ್ಕೆ ಅವಕಾಶವಿದೆ. ಆ ಕುಟುಂಬ ಇಪ್ಪತ್ತೆರಡು ವರ್ಷ ಕಾಯಬೇಕಾಯಿತು ಎಂಬುದನ್ನೂ ಮರೆಯಬಾರದು.

ಗಾರ್ಮೆಂಟ್ಸ್ ಹಾಗೂ ದೊಡ್ಡ ಕಾರ್ಖಾನೆಗಳಲ್ಲಿ ದುಡಿಯುವ ಸಹೋದರಿಯರಿಗೆ, ಸಹೋದರರಿಗೆ ಒಂದು ಮಾತು. ಹತ್ತು ಅಥವಾ ಹೆಚ್ಚು ಜನ ಇರುವ ಕಡೆ ಸಾಮಾನ್ಯವಾಗಿ ಇ.ಎಸ್.ಐ. ಇರುತ್ತದೆ. ನಿಮಗೆ ಇ.ಎಸ್.ಐ. ಇದ್ದರೆ ಮಾಲೀಕರಿಂದ ಈ ಪರಿಹಾರ ಕೇಳಲು ಬರುವುದಿಲ್ಲ, ಇ.ಎಸ್.ಐ.ಯಿಂದಲೇ ಪಡೆಯಬೇಕು. ಅಲ್ಲಿ ಕೆಲಸದ ಗಾಯಕ್ಕೆ ಕೆಲಸಕ್ಕೆ ಸೇರಿದ ಮೊದಲ ದಿನದಿಂದಲೇ ರಕ್ಷಣೆಯಿದೆ. ಇಂತಿಷ್ಟು ದಿನ ವಂತಿಗೆ ಕಟ್ಟಿರಬೇಕೆಂಬ ನಿಯಮ ಈ ಸೌಲಭ್ಯಕ್ಕಿಲ್ಲ. ಗುಣವಾಗುವವರೆಗೆ ದಿನಗೂಲಿಯ ಸುಮಾರು ಶೇಕಡಾ 90ರಷ್ಟು ಸಿಗುತ್ತದೆ. ಆದ್ದರಿಂದ ಕೆಲಸಕ್ಕೆ ಸೇರಿದ ದಿನವೇ ನಿಮ್ಮ ಇ.ಎಸ್.ಐ. ಸಂಖ್ಯೆ ಕೇಳಿ ಬರೆದಿಟ್ಟುಕೊಳ್ಳಿ.

ಇನ್ನು ಪೆಟ್ಟಾದಾಗ ಏನು ಮಾಡಬೇಕು? ಇದನ್ನು ದಯವಿಟ್ಟು ಬರೆದುಕೊಳ್ಳಿ.

ಒಂದು, ಆಸ್ಪತ್ರೆಯಲ್ಲಿ ನಿಜ ಹೇಳಿ. "ಬೈಕಿನಿಂದ ಬಿದ್ದೆ ಎಂದು ಹೇಳು, ಪೊಲೀಸರ ತಾಪತ್ರಯ ಬೇಡ" ಎಂದು ಎಷ್ಟೋ ಕಡೆ ಹೇಳಿಕೊಡುತ್ತಾರೆ. ಆ ಒಂದು ಸುಳ್ಳು ಆಸ್ಪತ್ರೆಯ ದಾಖಲೆಯಲ್ಲಿ ಸೇರಿದರೆ ಮುಂದೆ ಹಕ್ಕು ಕೇಳುವುದು ಬಹಳ ಕಷ್ಟ. ಎಲ್ಲಿ, ಎಷ್ಟು ಗಂಟೆಗೆ, ಯಾವ ಯಂತ್ರದಿಂದ ಪೆಟ್ಟಾಯಿತು ಎಂದು ಬರೆಸಿ. ಎಂ.ಎಲ್.ಸಿ. ಮಾಡಿದ್ದರೆ ಅದರ ಸಂಖ್ಯೆ ಕೇಳಿ ಪಡೆಯಿರಿ.

ಎರಡು, ಕಾಗದಗಳನ್ನು ಕೂಡಿಡಿ. ಡಿಸ್ಚಾರ್ಜ್ ಚೀಟಿ, ಎಕ್ಸ್‌ರೇ, ಔಷಧಿಯ ಬಿಲ್ಲುಗಳು, ಸಂಬಳ ಬಂದ ಬ್ಯಾಂಕ್ ಅಥವಾ ಫೋನಿನ ಸಂದೇಶ, ಹಾಜರಿ ಚೀಟಿ, ಜೊತೆ ಕೆಲಸಗಾರರ ಹೆಸರು ಮತ್ತು ಫೋನ್ ನಂಬರು, ವಯಸ್ಸಿಗೆ ಶಾಲೆಯ ವರ್ಗಾವಣೆ ಪತ್ರ. ಗುಣಕ ವಯಸ್ಸಿನ ಮೇಲೆ ನಿಂತಿರುವುದರಿಂದ ಶಾಲೆಯ ಆ ಹಾಳೆಗೆ ಬೆಲೆ ಇದೆ.

ಮೂರು, ಮಾಲೀಕರಿಗೆ ಆದಷ್ಟು ಬೇಗ ಬರವಣಿಗೆಯಲ್ಲಿ ತಿಳಿಸಿ. ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಿ ರಸೀದಿ ಇಟ್ಟುಕೊಳ್ಳಿ. ಪತ್ರದಲ್ಲಿ ಬೈಗುಳ ಬೇಡ. ಹೆಸರು, ದಿನಾಂಕ, ಸ್ಥಳ, ಗಾಯ ಇಷ್ಟೇ ಸಾಕು.

ನಾಲ್ಕು, ಎರಡು ವರ್ಷದ ಒಳಗೆ ಅರ್ಜಿ ಹಾಕಿ. ತಡವಾದರೆ ಸರಿಯಾದ ಕಾರಣ ತೋರಿಸಿ ಕೇಳಬಹುದು, ಆದರೆ ಅದನ್ನು ನಂಬಿ ಕೂರಬೇಡಿ. ಅಪಘಾತವಾದ ಊರಿನಲ್ಲೇ ಹಾಕಬೇಕೆಂದಿಲ್ಲ, ನೀವು ವಾಸವಿರುವ ಊರಿನಲ್ಲೂ ಹಾಕಬಹುದು. ಮುಂಬೈಯಲ್ಲೋ ಪುಣೆಯಲ್ಲೋ ಪೆಟ್ಟಾಗಿ ಊರಿಗೆ ಮರಳಿದವರಿಗೆ ಇದು ದೊಡ್ಡ ಅನುಕೂಲ. ನಿಮ್ಮ ಜಿಲ್ಲೆಯಲ್ಲಿ ಅರ್ಜಿ ಎಲ್ಲಿ ಕೊಡಬೇಕೆಂದು ಕಾರ್ಮಿಕ ಅಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಿ.

ಐದು, ವಕೀಲರಿಗೆ ಕೊಡಲು ಹಣವಿಲ್ಲ ಎಂದು ಹಿಂಜರಿಯಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಕೈಗಾರಿಕಾ ಕಾರ್ಮಿಕರು, ಮಹಿಳೆಯರು, ಮಕ್ಕಳು, ಅಂಗವಿಕಲರು ಉಚಿತ ಕಾನೂನು ನೆರವಿಗೆ ಅರ್ಹರು. ಜಿಲ್ಲಾ ನ್ಯಾಯಾಲಯದ ಆವರಣದಲ್ಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವಿದೆ, ತಾಲ್ಲೂಕು ನ್ಯಾಯಾಲಯದಲ್ಲಿ ಸಮಿತಿಯಿದೆ. 15100 ಸಂಖ್ಯೆಗೆ ಫೋನ್ ಮಾಡಿಯೂ ಕೇಳಬಹುದು.

ಆರು, ಇದು ನನ್ನ ಸ್ವಂತ ತಪ್ಪಿನಿಂದ ಕಲಿತ ಪಾಠ. "ತಕರಾರಿಲ್ಲ" ಎಂಬ ಕಾಗದಕ್ಕೆ ಸಹಿ ಮಾಡಬೇಡಿ. ಈಗಾಗಲೇ ಮಾಡಿದ್ದರೆ ಎದೆಗುಂದಬೇಡಿ. ಪರಿಹಾರದ ಹಕ್ಕನ್ನು ಬಿಟ್ಟುಕೊಟ್ಟೆ ಎಂಬ ಒಪ್ಪಂದ ಕಾನೂನಿನಲ್ಲಿ ಊರ್ಜಿತವಲ್ಲ. ನಾನು ಅಷ್ಟು ಚೆನ್ನಾಗಿ ಬರೆದುಕೊಟ್ಟ ಕಾಗದಕ್ಕೆ ಬೆಲೆಯಿಲ್ಲ ಎಂದು ವಕೀಲರು ಹೇಳಿದಾಗ ಜೀವನದಲ್ಲಿ ಮೊದಲ ಬಾರಿಗೆ ನನ್ನ ಬರವಣಿಗೆ ವ್ಯರ್ಥವಾದದ್ದಕ್ಕೆ ಸಂತೋಷವಾಯಿತು. ಕೆಲಸಗಾರ ತೀರಿಕೊಂಡಾಗಲಂತೂ ಹಣವನ್ನು ಅಧಿಕಾರಿಯ ಬಳಿ ಠೇವಣಿ ಇಡಬೇಕು. ಅವರ ಮೂಲಕವೇ ವಿಧವೆಗೂ ಮಕ್ಕಳಿಗೂ ಹಂಚಿಕೆಯಾಗಬೇಕು. ಮನೆಗೆ ಬಂದು ದುಃಖದಲ್ಲಿರುವ ಹೆಣ್ಣುಮಗಳ ಕೈಗೆ ಕವರು ಕೊಟ್ಟು ಹೋದರೆ ಅದು ಪರಿಹಾರ ಕೊಟ್ಟ ಲೆಕ್ಕಕ್ಕೆ ಬರುವುದಿಲ್ಲ.

ಮೇಸ್ತ್ರಿಯ ಕೈಕೆಳಗೆ ದುಡಿಯುವವರಿಗೆ ಇನ್ನೊಂದು ವಿಷಯ. ಕಟ್ಟಡ ಕಟ್ಟುವುದೇ ಕಸುಬಾಗಿರುವ ಕಂಪನಿ ತನ್ನ ಕೆಲಸವನ್ನು ಗುತ್ತಿಗೆದಾರನಿಗೆ ವಹಿಸಿದ್ದರೂ ಪರಿಹಾರಕ್ಕೆ ಆ ಕಂಪನಿಯೂ ಹೊಣೆ. ಮೇಸ್ತ್ರಿ ಫೋನ್ ಎತ್ತುತ್ತಿಲ್ಲ ಎಂದ ಮಾತ್ರಕ್ಕೆ ದಾರಿ ಮುಚ್ಚಿತು ಎಂದುಕೊಳ್ಳಬೇಡಿ.

ಈ ಸಭೆಯಲ್ಲಿ ಗ್ಯಾರೇಜು, ವರ್ಕ್‌ಶಾಪು, ಲಾರಿ ಇಟ್ಟುಕೊಂಡಿರುವ ಮಾಲೀಕರೂ ಇದ್ದೀರಿ. ನನ್ನ ಮಾತು ನಿಮ್ಮ ವಿರುದ್ಧವಲ್ಲ. ಒಂದು ಅಪಘಾತದಿಂದ ಕೆಲಸಗಾರನ ಮನೆಯೂ ಮುಳುಗಬಾರದು, ನಿಮ್ಮ ಅಂಗಡಿಯೂ ಮುಳುಗಬಾರದು. ಅದಕ್ಕೆಂದೇ ಕೆಲಸಗಾರರ ಪರಿಹಾರ ವಿಮೆ ಇದೆ. ಅದನ್ನು ಮಾಡಿಸಿ. ಹಣವನ್ನು ಒಂದು ತಿಂಗಳ ಒಳಗೆ ಕೊಡದಿದ್ದರೆ ವರ್ಷಕ್ಕೆ ಶೇಕಡಾ 12 ಬಡ್ಡಿ ಸೇರುತ್ತದೆ. ತಕ್ಕ ಕಾರಣವಿಲ್ಲದೆ ತಡಮಾಡಿದರೆ ಪರಿಹಾರದ ಅರ್ಧದವರೆಗೆ ದಂಡವೂ ಬೀಳಬಹುದು. ಆ ದಂಡವನ್ನು ವಿಮಾ ಕಂಪನಿ ಕೊಡುವುದಿಲ್ಲ, ನೀವೇ ಕೊಡಬೇಕು. ಇನ್ನೊಂದು ಸಂಗತಿ: ಕೆಲಸಕ್ಕೆ ಸೇರಿಸಿಕೊಳ್ಳುವಾಗಲೇ ಪರಿಹಾರದ ಹಕ್ಕನ್ನು ಕೆಲಸಗಾರನಿಗೆ ಅರ್ಥವಾಗುವ ಭಾಷೆಯಲ್ಲಿ ಬರವಣಿಗೆಯಲ್ಲಿ ತಿಳಿಸಬೇಕು ಎಂಬ ನಿಯಮ 2017ರಲ್ಲೇ ಕಾಯ್ದೆಗೆ ಸೇರಿತು. ನಮ್ಮ ಹುಡುಗನಿಗೆ ಅದನ್ನು ಯಾರೂ ಹೇಳಿರಲಿಲ್ಲ.

ಆ ಹುಡುಗನ ಕಥೆ ಎಲ್ಲಿಗೆ ಬಂತು ಎಂದು ನೀವು ಕೇಳಬಹುದು. 2025ರ ಜನವರಿಯಲ್ಲಿ, ಎರಡು ವರ್ಷ ತುಂಬಲು ಎರಡು ತಿಂಗಳು ಇರುವಾಗ, ಉಚಿತ ಕಾನೂನು ನೆರವಿನಿಂದ ಅರ್ಜಿ ಹಾಕಿದೆವು. ಅವನು ನಮ್ಮ ಕೆಲಸಗಾರನೇ ಅಲ್ಲ ಎಂದು ಎದುರು ಕಡೆಯವರು ಹೇಳಿದರು. ಆಗ ನೆರವಿಗೆ ಬಂದದ್ದು ಎರಡು ದಾಖಲೆ. ಒಂದು, ಸಾ ಮಿಲ್ಲಿನ ಹೆಸರಿದ್ದ ಆಸ್ಪತ್ರೆಯ ಚೀಟಿ. ಇನ್ನೊಂದು, ನಾನು ಬರೆದ ಅದೇ ಸ್ಟಾಂಪ್ ಪೇಪರಿನ ಜೆರಾಕ್ಸ್ ಪ್ರತಿ. ಹಕ್ಕು ಬಿಡಿಸಿಕೊಳ್ಳಲು ಬರೆಸಿದ ಕಾಗದವೇ ಅವನು ಅಲ್ಲಿ ಕೆಲಸದಲ್ಲಿದ್ದ ಎಂಬುದನ್ನು ಹೇಳುತ್ತಿತ್ತು. ಪ್ರಕರಣ ಇನ್ನೂ ನಡೆಯುತ್ತಿದೆ. ಪ್ರತಿ ವಾಯಿದೆಗೆ ನಾನೂ ಜೊತೆಯಲ್ಲಿ ಹೋಗುತ್ತೇನೆ. ಅವನು ಈಗ ಎಡಗೈಯಲ್ಲಿ ಬರೆಯುವುದನ್ನು ಅಭ್ಯಾಸ ಮಾಡುತ್ತಿದ್ದಾನೆ. ಉಳಿದಿರುವ ಒಂದು ವಿಷಯದ ಪರೀಕ್ಷೆಗೆ ಕೂರುವ ಮನಸ್ಸು ಮಾಡಿದ್ದಾನೆ. ವಕಾಲತ್ತು ಪತ್ರಕ್ಕೆ ಈ ಸಲ ಹೆಬ್ಬೆಟ್ಟು ಒತ್ತಲಿಲ್ಲ, ಸಹಿ ಮಾಡಿದ. ಅಕ್ಷರ ಸೊಟ್ಟಗಿತ್ತು, ನಾನು ತಿದ್ದಲಿಲ್ಲ.

ಕೊನೆಯದಾಗಿ ವಿದ್ಯಾರ್ಥಿಗಳಿಗೆ. ನಿಮ್ಮಲ್ಲಿ ಎಷ್ಟೋ ಜನರ ಮನೆಯಲ್ಲಿ ಓದು ಬರಹ ಚೆನ್ನಾಗಿ ಬಲ್ಲವರು ನೀವೇ ಮೊದಲಿಗರು. ಇಂದು ರಾತ್ರಿ ಒಂದು ಕೆಲಸ ಮಾಡಿ. ಮನೆಯಲ್ಲಿ ದುಡಿಯುವವರು ಯಾರ ಬಳಿ ಕೆಲಸ ಮಾಡುತ್ತಾರೆ, ಎಲ್ಲಿ, ಯಾವಾಗಿನಿಂದ, ಸಂಬಳ ಎಷ್ಟು ಎಂದು ನೋಟ್‌ಬುಕ್ಕಿನ ಒಂದು ಹಾಳೆಯಲ್ಲಿ ಬರೆದಿಡಿ. ಕೆಳಗೆ 15100 ಎಂದೂ ಎರಡು ವರ್ಷ ಎಂದೂ ಬರೆಯಿರಿ. ಆ ಹಾಳೆ ಎಂದೂ ಬೇಕಾಗದಿರಲಿ ಎಂಬುದೇ ನನ್ನ ಹಾರೈಕೆ. ಮುಂದೆ ಯಾರಾದರೂ ಒಂದು ಕಾಗದ ತಂದು ಬರೆದುಕೊಡಿ ಎಂದರೆ, ಬರೆಯುವ ಮೊದಲು ಅದು ಏನು ಹೇಳುತ್ತದೆ, ಯಾರಿಗೆ ಅನುಕೂಲ ಎಂದು ಕೇಳಿ. ನಾನು ಕೇಳಲಿಲ್ಲ. ನೀವು ಕೇಳಬೇಕು.